ಸೂತ್ರ ಎಂಬ ಪದ

ಜೈನ ವಾಙ್ಮಯದಲ್ಲಿ ಪದೇ ಪದೇ ಬರುವ ‘ಸೂತ್ರ’ ಎಂಬ ಪದಕ್ಕೆ ಮೊದಲ ಅರ್ಥ ನೂಲು. ಹೊಲಿಯುವುದೆಂಬ ಅರ್ಥದ ‘ಸಿವ್’ ಧಾತುವಿನಿಂದ ಇದು ಹುಟ್ಟಿತೆಂಬುದು ವೈಯಾಕರಣರ ಮತ. ಮಂಗಲಸೂತ್ರದಲ್ಲಿಯೂ ಗಾಳಿಪಟದ ಸೂತ್ರದಲ್ಲಿಯೂ ಆ ನೂಲು ಇಂದಿಗೂ ಉಳಿದಿದೆ. ಕೆಲವೇ ಅಕ್ಷರಗಳಲ್ಲಿ ಹಿರಿದಾದ ಅರ್ಥವನ್ನು ಅಡಗಿಸಿಕೊಂಡ ವಾಕ್ಯಕ್ಕೂ ಅದೇ ಹೆಸರು ಸಂದುದೇಕೆ? ಅರ್ಥವನ್ನು ಸೂಚಿಸುವುದರಿಂದ ಸೂತ್ರವಾಯಿತೆಂದು ಕೆಲವರು ಹೇಳುವರು. ತಾಳೆಗರಿಗಳ ರಂಧ್ರದಲ್ಲಿ ಹಾಯ್ದ ದಾರದಿಂದ ಬಂದಿತೆಂದು ಹೇಳುವವರೂ ಉಂಟು. ಆದರೆ ಗರಿಗೆ ಏರುವ ಮೊದಲೇ ಸೂತ್ರಗಳು ಬಾಯಿಪಾಠದಲ್ಲಿದ್ದುವಾದ್ದರಿಂದ ಈ ಮಾತು ಅಷ್ಟಾಗಿ ಒಪ್ಪುವಂತಹುದಲ್ಲ.

ಪ್ರಾಕೃತದಲ್ಲಿ ಈ ಪದ ‘ಸುತ್ತ’ ಎಂದಾಗುತ್ತದೆ. ‘ಚೆನ್ನಾಗಿ ನುಡಿದದ್ದು’ ಎಂಬ ಅರ್ಥದ ‘ಸೂಕ್ತ’ವೂ ಅಲ್ಲಿ ‘ಸುತ್ತ’ವೇ. ಆಗಮಗಳ ‘ಸುತ್ತ’ಕ್ಕೆ ಸೂಕ್ತವೇ ಮೂಲವಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿರುವುದು ಇದರಿಂದಲೇ. ಆಚಾರಾಂಗದಂತಹ ದೀರ್ಘ ಗ್ರಂಥಗಳಿಗೂ ಸೂತ್ರವೆಂಬ ಹೆಸರಿರುವುದನ್ನು ನೋಡಿದರೆ, ಚಿಕ್ಕದಾಗಿರುವುದೊಂದೇ ಸೂತ್ರದ ಲಕ್ಷಣವಲ್ಲವೆಂಬುದು ಸ್ಪಷ್ಟ.

ಹಾಗಾದರೆ ಯಾವುದು ಲಕ್ಷಣ? ಕುಂದಕುಂದಾಚಾರ್ಯರ ‘ಸುತ್ತಪಾಹುಡ’ದಲ್ಲಿ ಒಂದು ಉಪಮೆಯಿದೆ. ದಾರವಿಲ್ಲದ ಸೂಜಿ ಕಳೆದುಹೋಗುವುದು, ದಾರ ಪೋಣಿಸಿದ ಸೂಜಿ ಕಳೆಯದು. ಸುತ್ತವನ್ನು ಬಲ್ಲ ಜೀವನೂ ಹಾಗೆಯೇ ಎಂದು ಅದರ ತಾತ್ಪರ್ಯ. ಶ್ವೇತಾಂಬರರ ಉತ್ತರಾಧ್ಯಯನದಲ್ಲಿಯೂ ಇದೇ ಹೋಲಿಕೆ ಬರುತ್ತದೆ. ಮನೆಯಲ್ಲಿ ಸೂಜಿ ಬಿದ್ದಾಗ ದಾರದ ತುದಿಯನ್ನೇ ಹುಡುಕುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರುತವೇ ಕಳೆದುಹೋಗುವ ಭಯ ಒಮ್ಮೆ ಬಂದೊದಗಿತ್ತು. ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರು ತಮ್ಮೊಡನೆ ವಿದ್ಯೆಯೂ ಅಳಿಯಬಾರದೆಂದು ಇಬ್ಬರು ಮುನಿಗಳನ್ನು ಕರೆಸಿ ಉಪದೇಶಿಸಿದರೆಂದು ಪರಂಪರೆ ಹೇಳುತ್ತದೆ. ಆ ಪುಷ್ಪದಂತ ಭೂತಬಲಿಗಳು ಪ್ರಾಕೃತ ಸೂತ್ರಗಳಲ್ಲಿ ಷಟ್ಖಂಡಾಗಮವನ್ನು ರಚಿಸಿದರು. ಅದು ಪೂರ್ಣಗೊಂಡ ದಿನವೇ ಜ್ಯೇಷ್ಠ ಶುದ್ಧ ಪಂಚಮಿ, ನಮ್ಮ ಶ್ರುತಪಂಚಮಿ.

ಸಂಸ್ಕೃತದಲ್ಲಿ ಆ ಕಾರ್ಯವನ್ನು ಮಾಡಿದವರು ಉಮಾಸ್ವಾಮಿಗಳು. ಅವರ ತತ್ತ್ವಾರ್ಥಸೂತ್ರದಲ್ಲಿ 10 ಅಧ್ಯಾಯಗಳು. ದಿಗಂಬರ ಪಾಠದಲ್ಲಿ 357 ಸೂತ್ರಗಳು, ಶ್ವೇತಾಂಬರ ಪಾಠದಲ್ಲಿ 344. ಮೊದಲ ಸೂತ್ರದಲ್ಲಿರುವುದು ಎರಡೇ ಪದ, ಆದರೆ ಮೋಕ್ಷಮಾರ್ಗವೆಲ್ಲ ಅದರಲ್ಲಿ ಅಡಗಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯನ್ನೂ ಅಕಲಂಕದೇವರು ರಾಜವಾರ್ತಿಕವನ್ನೂ ಬರೆದು ಆ ಗಂಟನ್ನು ಬಿಡಿಸಿದರು. ಕನ್ನಡಕ್ಕೂ ಈ ಮಾದರಿ ಒದಗಿತು. 1604ರಲ್ಲಿ ಭಟ್ಟಾಕಲಂಕದೇವನು ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿ, ತಾನೇ ಅವುಗಳಿಗೆ ವ್ಯಾಖ್ಯಾನವನ್ನೂ ಬರೆದನು. ವ್ಯಾಖ್ಯಾನವಿಲ್ಲದ ಸೂತ್ರ ಬಿಚ್ಚದ ಗಂಟೆಂಬುದು ಅವನಿಗೆ ತಿಳಿದಿತ್ತು. ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯವನ್ನು ಓದಿ ಮುಗಿಸಿ, ಅರ್ಥವನ್ನು ಕೇಳದೆಯೇ ಏಳುವವರಿಗೂ ಇದು ತಿಳಿದಿದ್ದರೆ ಒಳಿತಾಗುತ್ತಿತ್ತು.

ಷಟ್ಖಂಡಾಗಮದ ತಾಳೆಗರಿಗಳು ಧವಲಾ ಟೀಕೆಯೊಡನೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದುವು. ಬಹುಕಾಲ ಅವು ಭಕ್ತರಿಗೆ ದರ್ಶನದ ವಸ್ತುವಾಗಿದ್ದುವೇ ಹೊರತು ಓದುವ ಗ್ರಂಥವಾಗಿರಲಿಲ್ಲ. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು; ಹದಿನಾರನೆಯದು 1958ರಲ್ಲಿ ಹೊರಬಂದಿತು.