ತೆಂಗಿನ ತೋಟದ ಮೇಲಿನ ತಾರೆಗಳು

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಸುತ್ತಿನ ರೈತರ ಬಾಯಲ್ಲಿ ನಕ್ಷತ್ರಗಳ ಹೆಸರು ಸದಾ ಓಡಾಡುತ್ತಿರುತ್ತವೆ. ಭರಣಿ ಮಳೆ, ರೋಹಿಣಿ ಮಳೆ, ಮೃಗಶಿರ ಮಳೆ ಎಂದೇ ಬಿತ್ತನೆಯ ಲೆಕ್ಕ. ಆದರೆ ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಯಾವ ನಕ್ಷತ್ರದ ಬಳಿ ಇರುತ್ತಾನೋ ಅದೇ ಆಗಿನ ಮಳೆ ನಕ್ಷತ್ರ. ಅವನ ಜೊತೆಗೇ ಹುಟ್ಟಿ ಮುಳುಗುವ ಅದು ಕಣ್ಣಿಗೆ ಬೀಳುವುದೆಲ್ಲಿ? ರಾತ್ರಿಯಿಡೀ ರೋಹಿಣಿಯನ್ನು ನೋಡಲು ಡಿಸೆಂಬರ್ ಬರಬೇಕು. ಹೆಸರು ಬಲ್ಲವರಿಗೆ ಮುಖದ ಪರಿಚಯವಿಲ್ಲ. ಈ ಪರಿಚಯ ಮಾಡಿಸುವುದೇ ಹವ್ಯಾಸಿ ಖಗೋಳ ಸಂಘಗಳ ಮೊದಲ ಕೆಲಸ.

ಭಾರತದಲ್ಲಿ ಇಂಥ ಸಂಘಕ್ಕೆ ನೆಪವಾದದ್ದು ಒಂದು ಧೂಮಕೇತು. 1910ರಲ್ಲಿ ಹ್ಯಾಲಿ ಬಂದಾಗ ಎದ್ದ ಉತ್ಸಾಹದಲ್ಲಿ ಕಲ್ಕತ್ತೆಯಲ್ಲಿ ಅಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಇಪ್ಪತ್ತರ ದಶಕದಲ್ಲೇ ನಿಂತುಹೋಯಿತು. ಅದೇ ಬಂಗಾಳದ ಜೆಸ್ಸೋರಿನಲ್ಲಿ ಒಬ್ಬಂಟಿಯಾಗಿ ದುಡಿದ ರಾಧಾಗೋವಿಂದ ಚಂದ್ರ ಮಾತ್ರ ನಿಲ್ಲಲಿಲ್ಲ. ಮೆಟ್ರಿಕ್ಯುಲೇಷನ್ ಪಾಸಾಗದೆ ಖಜಾನೆಯಲ್ಲಿ ಸಣ್ಣ ನೌಕರಿ ಹಿಡಿದಿದ್ದ ಅವರು, ಹೊಳಪು ಏರಿಳಿಯುವ ಚಂಚಲ ತಾರೆಗಳನ್ನು ರಾತ್ರಿಗಟ್ಟಲೆ ನೋಡಿ, 1954ರವರೆಗೆ 37,000ಕ್ಕೂ ಹೆಚ್ಚು ವೀಕ್ಷಣೆಗಳನ್ನು ಅಮೆರಿಕದ ಸಂಘವೊಂದಕ್ಕೆ ಕಳಿಸಿದರು. ಆ ಸಂಘ ಅವರಿಗೆ ಆರೂಕಾಲು ಇಂಚಿನ ದೂರದರ್ಶಕವನ್ನೇ ಕೊಟ್ಟಿತ್ತು. ಅದು ಮುಂದೆ ವೇಣು ಬಾಪು ಅವರ ಕೈ ಸೇರಿತು. ಸಂಘ ಅಳಿದರೂ ದಾಖಲೆ ಪುಸ್ತಕ ಉಳಿದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಹವ್ಯಾಸಿಗಳು 1976ರಲ್ಲಿ ಸಂಘ ಕಟ್ಟಿದರು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲೂ ಅಂಥದೊಂದು ಕೂಟ ಬೆಳೆಯಿತು. ಮೈಸೂರಿನ ಜಿ.ಟಿ. ನಾರಾಯಣರಾಯರು ಆಕಾಶವನ್ನು ಕನ್ನಡದಲ್ಲೇ ತೋರಿಸಿದರು. ಕೆಲಸ ಸುಲಭವಾಗಿರಲಿಲ್ಲ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ರಾಯಚೂರಿನ ಕಡೆಗೆ ನಮ್ಮ ನಾಡಿನ ಮೇಲೇ ಹಾದುಹೋದಾಗ, ವಿಜ್ಞಾನಿಗಳು ಹೊರಗೆ ಕಾದಿದ್ದರೆ ಬಹುಪಾಲು ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು.

ಸಂಘ ಎಂದರೆ ದುಬಾರಿ ಉಪಕರಣವೆಂದು ಹೆದರಬೇಕಾಗಿಲ್ಲ. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿ, ನೀರು ಹಾಕಿ ಉಜ್ಜುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿಯನ್ನು ನುಣ್ಣಗೆ ಮಾಡುತ್ತ, ಕೊನೆಗೆ ಸೀರಿಯಂ ಆಕ್ಸೈಡಿನಿಂದ ಮೆರುಗು ಕೊಡಬೇಕು. ಬೆಳಕಿನ ಅಲೆಯುದ್ದದ ಒಂದಂಶದಷ್ಟು ಮಾತ್ರ ತಪ್ಪಿರಬಹುದಾದ ಈ ಕನ್ನಡಿಯನ್ನು ಪರೀಕ್ಷಿಸಲು ಒಂದು ದೀಪ, ಒಂದು ಕ್ಷೌರದ ಬ್ಲೇಡು ಸಾಕು. ಫ್ರಾನ್ಸಿನ ಫೂಕೋ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡ ಉಪಾಯವಿದು. ಕನ್ನಡಿ ಉಜ್ಜಿದ ಹುಡುಗ ಸಂಘ ಬಿಡುವುದು ಕಡಿಮೆ. ಕೊಂಡು ತಂದ ದೂರದರ್ಶಕ ಬೀರುವಿನಲ್ಲಿ ಧೂಳು ತಿನ್ನುವುದೇ ಹೆಚ್ಚು. ಮೇಷ್ಟರಿಗೆ ವರ್ಗವಾದರೆ ಬೀಗದ ಕೈಯೂ ಸಿಗುವುದಿಲ್ಲ!

ಹೊಸಬರು ಸಾಮಾನ್ಯವಾಗಿ ಹುಣ್ಣಿಮೆಗೆ ಸಭೆ ಕರೆಯುತ್ತಾರೆ. ಅಂದು ಚಂದ್ರನ ಮೇಲೆ ನೆರಳಿರದೆ ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ, ತಾರೆಗಳೂ ಮಂಕು. ಕುಳಿಗಳಿಗೆ ಶುಕ್ಲಪಕ್ಷದ ಅಷ್ಟಮಿ, ಆಕಾಶಗಂಗೆಗೆ ಅಮಾವಾಸ್ಯೆಯೇ ಸರಿ. ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಹೊರಗೆ ಕಳಿಸಲು ಮನೆಯವರನ್ನು ಒಪ್ಪಿಸುವುದೂ ಸಂಘದ ಕೆಲಸವೇ.

ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಕಲ್ಪವೃಕ್ಷ ಸೀಮೆಗೆ ತನ್ನದೇ ಒಂದು ತೊಡಕುಂಟು. ಸುಮಾರು 13 ಡಿಗ್ರಿ ಅಕ್ಷಾಂಶದ ಈ ಊರುಗಳಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ: ತೋಳು ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಐವತ್ತು ಮೀಟರ್ ದೂರದಲ್ಲಿ ಹದಿನೈದು ಮೀಟರಿನ ತೆಂಗಿನ ಮರವೊಂದಿದ್ದರೆ ಧ್ರುವ ಅದರ ಗರಿಗಳ ಹಿಂದೆ ಮಾಯ. ಹಾಗಾಗಿ ಇಲ್ಲಿ ಆಕಾಶ ನೋಡುವವರು ತೋಟ ಬಿಟ್ಟು ಕೆರೆ ಏರಿಯನ್ನೋ ಶಾಲೆಯ ತಾರಸಿಯನ್ನೋ ಹತ್ತಬೇಕು. ಅಲ್ಲಿ ಉತ್ತರಕ್ಕೆ ಧ್ರುವ ಸಿಕ್ಕರೆ, ದಕ್ಷಿಣಕ್ಕೆ ಫೆಬ್ರವರಿಯ ಸಂಜೆ ಅಗಸ್ತ್ಯ, ಮೇ ತಿಂಗಳ ಸಂಜೆ ತ್ರಿಶಂಕು; ಎರಡನೆಯದು ಲಂಡನ್ನಿನವರಿಗೆ ತಮ್ಮೂರಿನಲ್ಲಿ ಎಂದೂ ಕಾಣಸಿಗದ ತಾರಾಪುಂಜ.