ಶಾಲೆಯ ಕಡೆಯ ವರ್ಷದ ಪಾಠ

ಹದಿನೇಳು ಹದಿನೆಂಟರ ವಿದ್ಯಾರ್ಥಿಗಳಿಗೆ ತತ್ತ್ವಶಾಸ್ತ್ರವನ್ನು ಕಲಿಸಬಹುದೆ? ಈ ಪ್ರಶ್ನೆಗೆ ಫ್ರಾನ್ಸಿನ ಚರಿತ್ರೆಯಲ್ಲಿ ಒಂದು ಉತ್ತರವಿದೆ. ನೆಪೋಲಿಯನ್ 1808ರಲ್ಲಿ ಬಕಲೋರಿಯಾ ಪರೀಕ್ಷೆಯನ್ನು ಸ್ಥಾಪಿಸಿದನು. ಮುಂದೆ ಶಾಲೆಯ ಕೊನೆಯ ತರಗತಿಗೆ ‘ತತ್ತ್ವಶಾಸ್ತ್ರದ ತರಗತಿ’ ಎಂಬ ಹೆಸರೇ ರೂಢಿಯಾಯಿತು.

1851ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ ಸರ್ವಾಧಿಕಾರವನ್ನು ಕೈವಶ ಮಾಡಿಕೊಂಡನು. ಮರುವರ್ಷವೇ ಅವನ ಶಿಕ್ಷಣಮಂತ್ರಿ ಫೋರ್ತೂಲ್ ಈ ತರಗತಿಯನ್ನು ಬರಿಯ ತರ್ಕದ ಪಾಠಕ್ಕೆ ಇಳಿಸಿದನು. ಹುಡುಗರು ವಾದದ ಕ್ರಮವನ್ನು ಕಲಿಯಲಿ, ರಾಜ್ಯವನ್ನೂ ದೇವರನ್ನೂ ಕುರಿತು ವಾದಿಸುವುದು ಬೇಡ. ಇದೇ ಅದರ ಇಂಗಿತವೆಂದು ನಾನು ಭಾವಿಸುತ್ತೇನೆ. 1863ರಲ್ಲಿ ವಿಕ್ತೋರ್ ದ್ಯುರುಯಿ ಮಂತ್ರಿಯಾದ ಮೇಲೆ ತತ್ತ್ವಶಾಸ್ತ್ರ ತನ್ನ ಸ್ಥಾನಕ್ಕೆ ಮರಳಿತು.

ಧರ್ಮದ ಕಥೆ ಬೇರೆ. 1882ರ ಕಾನೂನು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಧರ್ಮಬೋಧೆಯ ಬದಲು ನೀತಿಶಿಕ್ಷಣವನ್ನೂ ಪೌರಶಿಕ್ಷಣವನ್ನೂ ತಂದಿತು. ಆದರೆ ಧರ್ಮದ ವಿಚಾರ ಅಲ್ಲಿಗೆ ಮುಗಿಯಲಿಲ್ಲ. ಕೊನೆಯ ವರ್ಷದ ಸಾಮಾನ್ಯ ವಿಭಾಗಕ್ಕೆ 2020ರಿಂದ ಜಾರಿಗೆ ಬಂದ ತತ್ತ್ವಶಾಸ್ತ್ರದ ಪಠ್ಯಕ್ರಮದಲ್ಲಿರುವ 17 ಪರಿಕಲ್ಪನೆಗಳಲ್ಲಿ ಧರ್ಮವೂ ಒಂದು. ಸತ್ಯ, ನ್ಯಾಯ, ಸ್ವಾತಂತ್ರ್ಯಗಳ ಪಂಕ್ತಿಯಲ್ಲಿಯೇ ಅದಕ್ಕೂ ಎಡೆ. ಅಲ್ಲಿ ಅದು ಬೋಧೆಯಲ್ಲ, ಜಿಜ್ಞಾಸೆ.

ಪರೀಕ್ಷೆಯ ಅವಧಿ ನಾಲ್ಕು ಗಂಟೆ. ಎರಡು ಪ್ರಬಂಧದ ವಿಷಯಗಳು, ವಿವರಣೆಗೆ ಒಂದು ಗ್ರಂಥಭಾಗ. ಮೂರರಲ್ಲಿ ಒಂದನ್ನು ಆರಿಸಿಕೊಂಡು ಬರೆಯಬೇಕು. ದಶಕಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಇದೊಂದು ಬೆರಗು. ಗಟ್ಟಿಮಾಡಿದ ಉತ್ತರ ಇಲ್ಲಿ ಕೆಲಸಕ್ಕೆ ಬಾರದು. ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಿ, ಆಮೇಲೆ ತನ್ನ ಸಿದ್ಧಾಂತಕ್ಕೆ ಬರಬೇಕು. ಎದುರಾಳಿಯ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ಶಾಲೆ ಬಿಡುವ ಮುನ್ನವೇ ಆಗಬೇಕು. 1852ರಲ್ಲಿ ಪ್ರಭುತ್ವ ಅಂಜಿದ್ದು ಬಹುಶಃ ಈ ಅಭ್ಯಾಸಕ್ಕೇ.