ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ
ಮಂಗಳೂರು ಮೂಲದ ಕುನ್ಹಾ ವಕೀಲರಾಗಿದ್ದು, ನಂತರ ಜಿಲ್ಲಾ ನ್ಯಾಯಾಧೀಶರಾದವರು. ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಚೆನ್ನೈನಿಂದ ಬೆಂಗಳೂರಿಗೆ ವರ್ಗಾಯಿಸಿತ್ತು. ಹಲವು ನ್ಯಾಯಾಧೀಶರ ಕೈ ದಾಟಿ 2013ರಲ್ಲಿ ಅದು ಕುನ್ಹಾ ಅವರ ಮುಂದೆ ಬಂತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದ ಜೈಲು ಆವರಣದಲ್ಲಿ ತೀರ್ಪು ಹೊರಬಿತ್ತು: ಜಯಲಲಿತಾ ಅವರಿಗೆ 4 ವರ್ಷ ಜೈಲು, 100 ಕೋಟಿ ರೂ. ದಂಡ. ಶಿಕ್ಷೆಯಾಗಿ ಹುದ್ದೆ ಕಳೆದುಕೊಂಡ ಮೊದಲ ಹಾಲಿ ಮುಖ್ಯಮಂತ್ರಿ ಅವರೇ. ಗಡಿಯಲ್ಲಿ ಬಸ್ಸುಗಳು ನಿಂತ ಆ ದಿನ ಹೊಸೂರು ಕಡೆಯವರಿಗೆ ನೆನಪಿರಲೇಬೇಕು.

2015ರಲ್ಲಿ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಆದರೆ ಸಾಲದ ಮೊತ್ತ ಕೂಡಿಸಿದ್ದರಲ್ಲೇ ತಪ್ಪಿತ್ತು! 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಕುನ್ಹಾ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಜೈಲಿಗೆ ಹೋದವರು ಶಶಿಕಲಾ ಮತ್ತಿಬ್ಬರು. 2016ರಲ್ಲಿ ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯಾದ ಕುನ್ಹಾ 2021ರಲ್ಲಿ ನಿವೃತ್ತರಾದರು.